ಆನ್‌ಲೈನ್ ರಿವ್ಯೂಗಳನ್ನು ಎಷ್ಟು ನಂಬಬಹುದು? ಸ್ಟಾರ್ ಎಣಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮನೆಗೊಂದು ಮಿಕ್ಸಿ ಬೇಕಾದರೆ ಹಿಂದೆ ಪರಿಚಯದ ಅಂಗಡಿಯವರನ್ನು ಕೇಳುತ್ತಿದ್ದೆವು. ಇಲ್ಲವೇ ಪಕ್ಕದ ಮನೆಯಲ್ಲಿ ಯಾವ ಕಂಪನಿಯದಿದೆ, ಎಷ್ಟು ವರ್ಷದಿಂದ ಓಡುತ್ತಿದೆ ಎಂದು ವಿಚಾರಿಸುತ್ತಿದ್ದೆವು. ಈಗ ಆ ಕೆಲಸವನ್ನು ಮೊಬೈಲ್‌ಗೆ ಬಿಟ್ಟಿದ್ದೇವೆ. ವಸ್ತುವಿನ ಚಿತ್ರದ ಕೆಳಗೆ ನಾಲ್ಕೂಕಾಲು ಸ್ಟಾರ್ ಕಾಣುತ್ತದೆ, ಪಕ್ಕದಲ್ಲಿ ಸಾವಿರಾರು ಜನ ರಿವ್ಯೂ ಕೊಟ್ಟಿದ್ದಾರೆ ಎಂದಿರುತ್ತದೆ. ಅಷ್ಟು ಜನ ಒಪ್ಪಿದ್ದಾರೆಂದರೆ ಚೆನ್ನಾಗಿಯೇ ಇರಬೇಕು ಎಂದು ಹಣ ಕಟ್ಟುತ್ತೇವೆ. ಪ್ರೆಷರ್ ಕುಕ್ಕರ್, ಹಾಸಿಗೆ, ಮಕ್ಕಳ ಆಟಿಕೆ, ವಿಟಮಿನ್ ಮಾತ್ರೆ, ಮಸಾಲೆ ಪೊಟ್ಟಣ, ಚಿನ್ನದ ನಾಣ್ಯ ಎಲ್ಲವೂ ಇದೇ ಲೆಕ್ಕದಲ್ಲಿ ಮನೆಗೆ ಬರುತ್ತಿವೆ.

ಪಕ್ಕದ ಮನೆಯವರ ಮಾತು ಸುಳ್ಳಾದರೆ ಮರುದಿನ ಕೇಳಬಹುದಿತ್ತು. ಮೊಬೈಲ್‌ನಲ್ಲಿ ಬರೆದವರು ಯಾರು, ಏಕೆ ಬರೆದರು ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಹಾಗಾದರೆ ಈ ರಿವ್ಯೂಗಳನ್ನು ನಂಬಬೇಕೇ, ಬಿಡಬೇಕೇ?

ಎಲ್ಲವನ್ನೂ ನಂಬುವುದು ಮೋಸಕ್ಕೆ ದಾರಿ. ಎಲ್ಲವನ್ನೂ ತಳ್ಳಿಹಾಕಿದರೆ ನಿಜವಾಗಿ ಬಳಸಿದವರ ಉಪಯುಕ್ತ ಮಾತೂ ಕೈತಪ್ಪುತ್ತದೆ. ರಿವ್ಯೂ ಎಂಬುದು ಒಂದು ಸಾಕ್ಷಿ. ಸಾಕ್ಷಿ ತಾನು ಕಂಡದ್ದನ್ನು ಹೇಳಿದಾಗ ಅದಕ್ಕೆ ಬೆಲೆ ಇದೆ. ತನಗೆ ತಿಳಿಯಲು ಸಾಧ್ಯವೇ ಇಲ್ಲದ್ದನ್ನು ಹೇಳಿದಾಗ ಬೆಲೆ ಇಲ್ಲ. ಬಟ್ಟೆಯ ಬಣ್ಣ ಹೋಯಿತೇ, ಅಳತೆ ಸರಿಯಿತ್ತೇ, ರಿಪೇರಿಯವರು ಬಂದರೇ ಎಂಬುದನ್ನು ಬಳಸಿದವರು ಹೇಳಬಲ್ಲರು. ಕುಕ್ಕರ್ ಸುರಕ್ಷಿತವೇ, ಮಾತ್ರೆಯಲ್ಲಿ ಏನಿದೆ, ಮಸಾಲೆಯಲ್ಲಿ ಬೆಳ್ಳುಳ್ಳಿ ಪುಡಿ ಸೇರಿದೆಯೇ ಎಂಬುದನ್ನು ಎಷ್ಟು ಸಾವಿರ ಸ್ಟಾರ್ ಸೇರಿಸಿದರೂ ತಿಳಿಯಲಾಗದು.

ದೂರುಗಳ ಲೆಕ್ಕ

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2024ರ ಮೇ ತಿಂಗಳಲ್ಲಿ ನೀಡಿದ ಮಾಹಿತಿಯ ಪ್ರಕಾರ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಇ-ವಾಣಿಜ್ಯದ ಬಗ್ಗೆ 2018ರಲ್ಲಿ 95,270 ದೂರುಗಳು ಬಂದಿದ್ದವು. ಒಟ್ಟು ದೂರುಗಳಲ್ಲಿ ಅವುಗಳ ಪಾಲು ಶೇ. 22. 2023ರಲ್ಲಿ ಅವು 4,44,034ಕ್ಕೆ ಏರಿ, ಪಾಲು ಶೇ. 43 ಆಯಿತು. ಇವೆಲ್ಲವೂ ಸುಳ್ಳು ರಿವ್ಯೂಗಳ ದೂರುಗಳಲ್ಲ. ಹಣ ವಾಪಸ್ ಬಾರದ್ದು, ಬೇರೆ ವಸ್ತು ಬಂದದ್ದು, ಕೆಟ್ಟ ವಸ್ತು ಬಂದದ್ದು ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಕಣ್ಣಾರೆ ನೋಡದೆ ಕೊಳ್ಳುವ ವ್ಯಾಪಾರದಲ್ಲಿ ಗ್ರಾಹಕರ ಕೈಯಲ್ಲಿರುವ ಆಧಾರ ಚಿತ್ರ ಮತ್ತು ರಿವ್ಯೂ ಎರಡೇ. ಆದ್ದರಿಂದಲೇ ಇಲಾಖೆ ಈ ಅಂಕಿಗಳನ್ನು ಸುಳ್ಳು ರಿವ್ಯೂ ಕುರಿತ ಚರ್ಚೆಯ ಸಂದರ್ಭದಲ್ಲಿ ಮುಂದಿಟ್ಟಿತು.

ಅಮೆಜಾನ್ ಕಂಪನಿ 2022ರಲ್ಲಿ ತನ್ನ ಜಾಲತಾಣಗಳಲ್ಲಿ 20 ಕೋಟಿಗೂ ಹೆಚ್ಚು ಅನುಮಾನಾಸ್ಪದ ರಿವ್ಯೂಗಳನ್ನು ತಡೆದಿರುವುದಾಗಿಯೂ, 2023ರಲ್ಲಿ ಆ ಸಂಖ್ಯೆ 25 ಕೋಟಿ ದಾಟಿರುವುದಾಗಿಯೂ ಹೇಳಿಕೊಂಡಿದೆ. ಇದು ಜಗತ್ತಿನಾದ್ಯಂತದ ಲೆಕ್ಕ. ಸಿಕ್ಕಿಬಿದ್ದವು ಇಷ್ಟು, ಸಿಕ್ಕಿಬೀಳದೆ ಉಳಿದವು ನಾವು ಓದುವ ಪುಟದಲ್ಲೇ ಇರುತ್ತವೆ.

ಸುಳ್ಳು ರಿವ್ಯೂ ತಯಾರಾಗುವ ಬಗೆ

ಶಿರಸಿ, ಸಿದ್ದಾಪುರದ ಕಡೆಯವರಿಗೆ ಉಪ್ಪಾಗೆ ಗೊತ್ತು. ಕಾಡಿನಿಂದ ಹಣ್ಣು ತಂದು, ಸಿಪ್ಪೆ ಒಣಗಿಸಿ ಮಾರುತ್ತಾರೆ. ಇದೇ ಸಿಪ್ಪೆಯ ಸಾರ ವಿದೇಶಗಳಲ್ಲಿ ಗಾರ್ಸಿನಿಯಾ ಕ್ಯಾಂಬೋಜಿಯಾ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರಾಟವಾಗುತ್ತದೆ. ಅಂಥ ಮಾತ್ರೆಯನ್ನು ಅಮೆಜಾನ್‌ನಲ್ಲಿ ಮಾರುತ್ತಿದ್ದ ಕ್ಯೂರ್ ಎನ್‌ಕ್ಯಾಪ್ಸುಲೇಷನ್ಸ್ ಎಂಬ ಅಮೆರಿಕದ ಕಂಪನಿ, ರಿವ್ಯೂ ಬರೆದುಕೊಡುವ ಜಾಲತಾಣವೊಂದಕ್ಕೆ ಹಣ ಕೊಟ್ಟು ಐದು ಸ್ಟಾರ್‌ಗಳನ್ನು ಬರೆಸಿಕೊಂಡಿತು. ಮಾರಾಟವಾಗಬೇಕಾದರೆ ಸರಾಸರಿ 4.3 ಸ್ಟಾರ್ ಬೇಕು ಎಂದು ಮಾಲೀಕ ಬರೆಯುವವರಿಗೆ ತಿಳಿಸಿದ್ದ ಎಂಬುದು ಆ ದೇಶದ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಆರೋಪ. 2019ರ ಫೆಬ್ರವರಿಯಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು. 1 ಕೋಟಿ 28 ಲಕ್ಷ ಡಾಲರ್ ಗೊತ್ತುಮಾಡಲಾಯಿತು. ಆದರೆ ಕಮಿಷನ್‌ಗೆ 50,000 ಡಾಲರ್ ಕೊಟ್ಟು, ಬಾಕಿ ಆದಾಯ ತೆರಿಗೆ ಕಟ್ಟಿದರೆ ಉಳಿದದ್ದು ಅಮಾನತು ಎಂದಾಯಿತು. ಹಣಕ್ಕೆ ಬರೆಸಿದ ಅಮೆಜಾನ್ ರಿವ್ಯೂಗಳ ಬಗ್ಗೆ ಆ ಸಂಸ್ಥೆ ನಡೆಸಿದ ಮೊದಲ ಪ್ರಕರಣ ಇದು.

ಇದಕ್ಕಿಂತ ಜಾಣತನದ ದಾರಿ ಇನ್ನೊಂದಿದೆ. ಮಾರಾಟಗಾರರು ಫೇಸ್‌ಬುಕ್ ಗುಂಪುಗಳಲ್ಲಿ ಜನರನ್ನು ಹುಡುಕುತ್ತಾರೆ. ಒಪ್ಪಿದವರು ತಮ್ಮದೇ ಹಣದಲ್ಲಿ ವಸ್ತು ಕೊಂಡು ಐದು ಸ್ಟಾರ್ ಹಾಕುತ್ತಾರೆ. ಆಮೇಲೆ ಮಾರಾಟಗಾರರು ಆ ಹಣವನ್ನು ಬೇರೆ ದಾರಿಯಿಂದ ಹಿಂದಿರುಗಿಸುತ್ತಾರೆ. ಇಲ್ಲಿ ಖರೀದಿ ನಿಜ, ಬಿಲ್ ನಿಜ, ವಸ್ತು ತಲುಪಿದ್ದೂ ನಿಜ. ಹೀಗಾಗಿ ರಿವ್ಯೂ ಪಕ್ಕದಲ್ಲಿ ‘ವೆರಿಫೈಡ್ ಪರ್ಚೇಸ್’ ಎಂಬ ಗುರುತು ಕೂಡ ಬೀಳುತ್ತದೆ. ಆ ಗುರುತು ಹೇಳುವುದು ವಸ್ತು ಕೊಳ್ಳಲಾಗಿದೆ ಎಂಬುದನ್ನು ಮಾತ್ರ. ಬರೆದವರಿಗೆ ಯಾರಾದರೂ ಹಣ ಕೊಟ್ಟಿದ್ದಾರೆಯೇ ಎಂಬುದನ್ನು ಅದು ಹೇಳುವುದಿಲ್ಲ. 2022ರ ಜುಲೈನಲ್ಲಿ ಅಮೆಜಾನ್ ಇಂಥ 10,000ಕ್ಕೂ ಹೆಚ್ಚು ಫೇಸ್‌ಬುಕ್ ಗುಂಪುಗಳ ನಿರ್ವಾಹಕರ ಮೇಲೆ ದಾವೆ ಹೂಡಿತು. ಅವುಗಳಲ್ಲಿ ಒಂದರಲ್ಲೇ 43,000ಕ್ಕೂ ಹೆಚ್ಚು ಸದಸ್ಯರಿದ್ದರು.

ಈ ಗುಂಪುಗಳ ಮೂಲಕ ರಿವ್ಯೂ ಕೊಂಡ ಸುಮಾರು 1,500 ವಸ್ತುಗಳನ್ನು ಅಮೆರಿಕದ ಸಂಶೋಧಕರಾದ ಷೆರಿ ಹೆ, ಬ್ರೆಟ್ ಹಾಲೆನ್‌ಬೆಕ್ ಮತ್ತು ಡೇವಿಡ್ ಪ್ರೊಸೆರ್ಪಿಯೊ ಬೆನ್ನುಹತ್ತಿ ನೋಡಿದರು. ಅವರ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ರಿವ್ಯೂ ಕೊಳ್ಳುತ್ತಿದ್ದಷ್ಟು ದಿನ ಸ್ಟಾರ್ ಏರಿತು, ಮಾರಾಟವೂ ಏರಿತು. ಕೊಳ್ಳುವುದನ್ನು ನಿಲ್ಲಿಸಿದ ಕೂಡಲೇ ನಿಜವಾದ ಗ್ರಾಹಕರ ಒಂದು ಸ್ಟಾರ್ ರಿವ್ಯೂಗಳು ಹೆಚ್ಚಿ, ಸರಾಸರಿ ಕುಸಿಯಿತು. ಅಮೆಜಾನ್ ಸುಳ್ಳು ರಿವ್ಯೂಗಳಲ್ಲಿ ಹಲವನ್ನು ಅಳಿಸಿತಾದರೂ ಅದು ತಡವಾಗಿ ನಡೆಯಿತು. ಅಷ್ಟರಲ್ಲಿ ಮಾರಾಟಗಾರರ ಲಾಭ ಕೈಸೇರಿತ್ತು. ಮೊದಲು ಕೊಂಡವರು ಮೋಸಹೋಗಿ, ಆಮೇಲೆ ಒಂದು ಸ್ಟಾರ್ ಬರೆದು, ನಂತರ ಬರುವವರನ್ನು ಎಚ್ಚರಿಸುವುದು ಹೀಗೆ.

ಸುಳ್ಳನ್ನು ಬರೆಯದೆಯೂ ಸ್ಟಾರ್ ಏರಿಸಬಹುದು. ಫ್ಯಾಷನ್ ನೋವಾ ಎಂಬ ಬಟ್ಟೆ ಕಂಪನಿ ನಾಲ್ಕು ಮತ್ತು ಐದು ಸ್ಟಾರ್‌ಗಳನ್ನು ತಾನಾಗಿಯೇ ಪ್ರಕಟವಾಗಲು ಬಿಟ್ಟು, ಅದಕ್ಕಿಂತ ಕಡಿಮೆಯವನ್ನು ತಡೆಹಿಡಿದಿತ್ತು ಎಂಬ ಆರೋಪದ ಮೇಲೆ 2022ರಲ್ಲಿ 42 ಲಕ್ಷ ಡಾಲರ್ ತೆರಲು ಒಪ್ಪಿತು. ಅಲ್ಲಿ ಕಾಣುತ್ತಿದ್ದ ರಿವ್ಯೂಗಳು ಸಾಚಾ ಆಗಿದ್ದರೂ ಕಾಣದಂತೆ ಮಾಡಿದವುಗಳಿಂದ ಗ್ರಾಹಕರು ದಾರಿ ತಪ್ಪಿದರು. ವಿಟಮಿನ್ ಮಾತ್ರೆಗಳ ದಿ ಬೌಂಟಿಫುಲ್ ಕಂಪನಿ ಹೊಸ ಮಾತ್ರೆಯನ್ನು ಹಳೆಯ, ಹೆಸರು ಮಾಡಿದ ಮಾತ್ರೆಯ ಇನ್ನೊಂದು ಬಗೆ ಎಂಬಂತೆ ಅಮೆಜಾನ್‌ನಲ್ಲಿ ಜೋಡಿಸಿ, ಹಳೆಯದರ ಸ್ಟಾರ್‌ಗಳನ್ನು ಹೊಸದಕ್ಕೆ ದಾಟಿಸಿತು ಎಂಬ ಆರೋಪಕ್ಕೆ ಒಳಗಾಗಿ 2023ರಲ್ಲಿ 6 ಲಕ್ಷ ಡಾಲರ್ ಕೊಟ್ಟಿತು.

ಭಾರತದಲ್ಲಿ ಪಾರ್ಸೆಲ್ ಒಳಗೆ ಒಂದು ಚೀಟಿ ಬರುವುದು ಹಲವರಿಗೆ ಗೊತ್ತಿರುವ ಸಂಗತಿ: ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳುಹಿಸಿದರೆ ಇಷ್ಟು ರೂಪಾಯಿ ಕ್ಯಾಶ್‌ಬ್ಯಾಕ್. ಮೊತ್ತ ಸಣ್ಣದು, ಆದ್ದರಿಂದ ತಪ್ಪೆನಿಸುವುದಿಲ್ಲ. ಆದರೆ ಆ ನೂರು ರೂಪಾಯಿ ನಮ್ಮ ನಂತರ ಕೊಳ್ಳುವ ಯಾರದೋ ಮನೆಯವರ ಜೇಬಿನಿಂದಲೇ ಬರುತ್ತದೆ.

ರಿವ್ಯೂ ಬರೆಯುವ ‘ಕೆಲಸ’ದ ಬಲೆ

ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂನಲ್ಲಿ ಬರುವ ಇನ್ನೊಂದು ಸಂದೇಶದ ಬಗ್ಗೆ ಪ್ರತಿ ಮನೆಯಲ್ಲೂ ಮಾತಾಡಬೇಕು. ಮನೆಯಲ್ಲೇ ಕುಳಿತು ಹೋಟೆಲ್‌ಗಳಿಗೆ, ವಸ್ತುಗಳಿಗೆ ರೇಟಿಂಗ್ ಕೊಡಿ, ದಿನಕ್ಕೆ ಇಷ್ಟು ಗಳಿಸಿ ಎಂಬ ಆಹ್ವಾನ ಅದು. ಮೊದಲ ಕೆಲವು ರೇಟಿಂಗ್‌ಗೆ ನಿಜವಾಗಿಯೂ ನೂರಿನ್ನೂರು ರೂಪಾಯಿ ಖಾತೆಗೆ ಬರುತ್ತದೆ. ನಂಬಿಕೆ ಬಂದ ಮೇಲೆ ಹೆಚ್ಚಿನ ಸಂಪಾದನೆಯ ‘ಟಾಸ್ಕ್’ಗೆ ಮುಂಗಡ ಕಟ್ಟಿ ಎನ್ನುತ್ತಾರೆ. ಕಟ್ಟಿದ ಹಣ ಪರದೆಯ ಮೇಲೆ ಬೆಳೆಯುತ್ತಾ ಹೋಗುತ್ತದೆ, ಆದರೆ ತೆಗೆಯಲು ಹೋದರೆ ತೆರಿಗೆ, ಶುಲ್ಕ ಎಂದು ಮತ್ತೆ ಕೇಳುತ್ತಾರೆ. ಕಾಲೇಜು ಮಕ್ಕಳು, ಗೃಹಿಣಿಯರು, ನಿವೃತ್ತರು ಇದರಲ್ಲಿ ಉಳಿತಾಯವನ್ನೇ ಕಳೆದುಕೊಂಡಿದ್ದಾರೆ. ಇಂಥ ಅರೆಕಾಲಿಕ ಕೆಲಸದ ವಂಚನೆ ಮತ್ತು ಅಕ್ರಮ ಹೂಡಿಕೆಗೆ ಬಳಕೆಯಾಗುತ್ತಿದ್ದ 100ಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ನಿರ್ಬಂಧಿಸಿತು. ಹಣ ಹೋದದ್ದು ಗೊತ್ತಾದ ಕೂಡಲೇ 1930 ಸಂಖ್ಯೆಗೆ ಕರೆಮಾಡಬೇಕು. ಬೇಗ ಕರೆಮಾಡಿದಷ್ಟೂ ಖಾತೆಯಲ್ಲಿ ಹಣ ತಡೆಯುವ ಸಾಧ್ಯತೆ ಹೆಚ್ಚು.

ಸುಳ್ಳಿಲ್ಲದಿದ್ದರೂ ಸ್ಟಾರ್ ಸಾಲದು

ಎಲ್ಲ ರಿವ್ಯೂಗಳೂ ಪ್ರಾಮಾಣಿಕ ಎಂದೇ ಇಟ್ಟುಕೊಳ್ಳೋಣ. ಆಗಲೂ ಸರಾಸರಿ ಸ್ಟಾರ್ ಗುಣಮಟ್ಟದ ಅಳತೆಯಾಗುವುದಿಲ್ಲ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಪ್ರಯೋಗಾಲಯದಲ್ಲಿ ವಸ್ತುಗಳನ್ನು ಪರೀಕ್ಷಿಸಿ ಅಂಕ ಕೊಡುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕರು 120 ಬಗೆಯ 1,272 ವಸ್ತುಗಳಿಗೆ ಆ ಸಂಸ್ಥೆ ಕೊಟ್ಟ ಅಂಕಗಳನ್ನೂ ಅಮೆಜಾನ್ ಗ್ರಾಹಕರ ಸ್ಟಾರ್‌ಗಳನ್ನೂ ಹೋಲಿಸಿದರು. ಎರಡರ ನಡುವೆ ಹೊಂದಾಣಿಕೆ ಬಹಳ ಕಡಿಮೆ ಇತ್ತು. ಬೆಲೆ ಹೆಚ್ಚಿರುವ, ಹೆಸರಾದ ಬ್ರ್ಯಾಂಡ್‌ನ ವಸ್ತುಗಳಿಗೆ ಸ್ಟಾರ್ ಹೆಚ್ಚು ಸಿಗುವ ಒಲವೂ ಕಂಡಿತು.

ಕಾರಣ ಊಹಿಸುವುದು ಕಷ್ಟವಲ್ಲ. ತೀರಾ ಸಂತೋಷವಾದವರು ಮತ್ತು ತೀರಾ ಸಿಟ್ಟಾದವರು ಬರೆಯುತ್ತಾರೆ; ನಡುವಿನವರು ಸುಮ್ಮನಿರುತ್ತಾರೆ. ಬಹಳಷ್ಟು ಜನ ವಸ್ತು ಬಂದ ವಾರದೊಳಗೇ ಬರೆಯುತ್ತಾರೆ, ಎರಡು ವರ್ಷದ ನಂತರ ಮೋಟಾರ್ ಸುಟ್ಟಾಗ ಆ ಪುಟಕ್ಕೆ ಯಾರೂ ಮರಳುವುದಿಲ್ಲ. ಕೊರಿಯರ್ ತಡವಾಯಿತೆಂದು ಒಂದು ಸ್ಟಾರ್, ಪೆಟ್ಟಿಗೆ ಚೆನ್ನಾಗಿತ್ತೆಂದು ಐದು ಸ್ಟಾರ್. ಇವೆಲ್ಲವನ್ನೂ ಕೂಡಿಸಿ ಭಾಗಿಸಿದ ಸಂಖ್ಯೆಯೇ ನಮ್ಮ ಕಣ್ಣಿಗೆ ಬೀಳುವ 4.3.

ಪ್ರೆಷರ್ ಕುಕ್ಕರ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಮನೆಬಳಕೆಯ ಕುಕ್ಕರ್‌ಗಳಿಗೆ ಐಎಸ್‌ಐ ಗುರುತು 2021ರ ಫೆಬ್ರವರಿ 1ರಿಂದ ಕಡ್ಡಾಯ. ಆ ನಂತರವೂ ಗುಣಮಟ್ಟದ ನಿಯಮಕ್ಕೆ ಒಳಪಡದ 2,265 ಕುಕ್ಕರ್‌ಗಳು ಅಮೆಜಾನ್ ಮೂಲಕ ಮತ್ತು 598 ಕುಕ್ಕರ್‌ಗಳು ಫ್ಲಿಪ್‌ಕಾರ್ಟ್ ಮೂಲಕ ಮಾರಾಟವಾಗಿವೆ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಕೊಂಡವರಿಗೆ ತಿಳಿಸಿ, ವಾಪಸ್ ಪಡೆದು, ಹಣ ಹಿಂದಿರುಗಿಸಬೇಕು ಎಂದು ಹೇಳಿ ತಲಾ 1 ಲಕ್ಷ ರೂಪಾಯಿ ದಂಡ ವಿಧಿಸಿತು. ಎರಡೂ ಕಂಪನಿಗಳು ಆದೇಶವನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದವು. ನ್ಯಾಯಾಲಯದ ವಿಷಯ ಹಾಗಿರಲಿ. ಕೊಳ್ಳುವವರು ಗಮನಿಸಬೇಕಾದದ್ದು ಬೇರೆ. ಅನ್ನ ಚೆನ್ನಾಗಿ ಬೇಯಿತು ಎಂದು ಐದು ಸ್ಟಾರ್ ಕೊಟ್ಟ ಗೃಹಿಣಿ ಸುಳ್ಳು ಹೇಳಿರುವುದಿಲ್ಲ. ಆದರೆ ಸೇಫ್ಟಿ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆದುಕೊಳ್ಳುತ್ತದೆ ಎಂದು ಅವರು ಪರೀಕ್ಷಿಸಿಯೂ ಇರುವುದಿಲ್ಲ.

ನಮ್ಮ ಮನೆಗಳಲ್ಲಿ ಎರಡು ಬಗೆಯ ಸ್ಟಾರ್‌ಗಳಿವೆ. ಫ್ರಿಜ್ ಮತ್ತು ಎ.ಸಿ. ಮೇಲೆ ಅಂಟಿಸಿರುವ ಬಿಇಇ ಸ್ಟಾರ್ ವಿದ್ಯುತ್ ಬಳಕೆಯ ಅಳತೆ. ಅದಕ್ಕೆ ಪರೀಕ್ಷೆಯ ಆಧಾರವಿದೆ. ಮೊಬೈಲ್ ಪುಟದ ಸ್ಟಾರ್ ಜನರ ಅನಿಸಿಕೆಗಳ ಸರಾಸರಿ. ಒಂದೇ ಚಿಹ್ನೆಯಾದ್ದರಿಂದ ಎರಡಕ್ಕೂ ಒಂದೇ ತೂಕ ಕೊಡಬಾರದು.

ನಮ್ಮ ಅಡುಗೆಮನೆಯ ಪ್ರಶ್ನೆ

ಜೈನ ಕುಟುಂಬಗಳಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ತಿಂಡಿ ಪೊಟ್ಟಣ, ಮಸಾಲೆ, ಸಾಸ್, ಚಾಕೊಲೇಟ್ ಕೊಳ್ಳುವಾಗ ರಿವ್ಯೂಗಳಲ್ಲಿ ‘ನಾವು ಜೈನರು, ಧೈರ್ಯವಾಗಿ ತಿನ್ನಬಹುದು’ ಎಂಬ ಒಂದು ಸಾಲು ಕಂಡರೆ ನಿಶ್ಚಿಂತೆಯಾಗುತ್ತದೆ. ಬರೆದವರು ನಮ್ಮವರೇ ಇರಬಹುದು, ಒಳ್ಳೆಯ ಮನಸ್ಸಿನಿಂದಲೇ ಬರೆದಿರಬಹುದು. ಆದರೆ ಅವರು ನೋಡಿದ್ದು ಹಸಿರು ಗುರುತನ್ನು ಮಾತ್ರವಿರಬಹುದು.

ಹಸಿರು ಗುರುತು ಏನನ್ನು ಹೇಳುತ್ತದೆ ಎಂಬುದಕ್ಕೆ ಕಾನೂನಿನಲ್ಲಿ ಮಿತಿ ಇದೆ. ಎಫ್‌ಎಸ್‌ಎಸ್‌ಎಐ ನಿಯಮಗಳ ಪ್ರಕಾರ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲು ಮತ್ತು ಹಾಲಿನ ಉತ್ಪನ್ನಗಳ ಜೊತೆಗೆ ಜೇನುತುಪ್ಪ, ಜೇನುಮೇಣ ಮತ್ತು ಅರಗನ್ನೂ ಹೊರಗಿಡಲಾಗಿದೆ. ಆದ್ದರಿಂದ ಜೇನು ಸೇರಿದ ಬಿಸ್ಕತ್ತಿಗೂ ಅರಗಿನ ಹೊಳಪು ಕೊಟ್ಟ ಮಿಠಾಯಿಗೂ ಹಸಿರು ಗುರುತು ಇರಬಹುದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇವೆಯೇ ಎಂಬುದರ ಬಗ್ಗೆ ಹಸಿರು ಗುರುತು ಏನನ್ನೂ ಹೇಳುವುದಿಲ್ಲ. ಮಾಂಸಾಹಾರದ ಗುರುತು ಕಂದು ಚೌಕದೊಳಗಿನ ಕಂದು ತ್ರಿಕೋನ.

ಇಲ್ಲಿ ದಾರಿ ತೋರಿಸುವುದು ಪೊಟ್ಟಣದ ಹಿಂಬದಿಯ ಪದಾರ್ಥಗಳ ಪಟ್ಟಿ. ‘ಬೆಳ್ಳುಳ್ಳಿ ಪುಡಿ’, ‘ಆಲೂಗಡ್ಡೆ ಪಿಷ್ಟ’ ಎಂದು ನೇರವಾಗಿ ಬರೆದಿರಬಹುದು. ಸಂಖ್ಯೆಗಳಾಗಿಯೂ ಇರಬಹುದು: ಐಎನ್‌ಎಸ್ 120 ಎಂದರೆ ಕಾರ್ಮೈನ್ ಎಂಬ, ಕೀಟದಿಂದ ತೆಗೆದ ಕೆಂಪು ಬಣ್ಣ. 901 ಜೇನುಮೇಣ, 904 ಅರಗು. 471 ಸಸ್ಯದಿಂದಲೂ ಬರಬಹುದು, ಪ್ರಾಣಿಯಿಂದಲೂ ಬರಬಹುದು. ವಿಟಮಿನ್ ಕ್ಯಾಪ್ಸೂಲ್‌ಗಳ ಹೊರಕವಚ ಹಲವೊಮ್ಮೆ ಪ್ರಾಣಿಗಳ ಮೂಳೆ, ಚರ್ಮದಿಂದ ತಯಾರಿಸಿದ ಗೆಲಾಟಿನ್ ಆಗಿರುತ್ತದೆ. ಮಾತ್ರೆಯಿಂದ ಸುಸ್ತು ಕಡಿಮೆಯಾಯಿತು ಎಂದು ಬರೆದ ನೂರು ರಿವ್ಯೂಗಳಲ್ಲಿ ಈ ಮಾಹಿತಿ ಸಿಗುವುದಿಲ್ಲ. ಆಹಾರದ ಪದಾರ್ಥಗಳನ್ನು ಬರಿಯ ಸಂಕೇತ ಸಂಖ್ಯೆಯಲ್ಲಿ ತೋರಿಸಿದರೆ ಸಾಲದು, ಅವು ಸಸ್ಯಮೂಲವೇ, ಪ್ರಾಣಿಮೂಲವೇ, ಪ್ರಯೋಗಾಲಯದಲ್ಲಿ ತಯಾರಾದದ್ದೇ ಎಂಬುದನ್ನೂ ತಿಳಿಸಬೇಕು ಎಂದು ದೆಹಲಿ ಹೈಕೋರ್ಟ್ 2021ರ ಡಿಸೆಂಬರ್‌ನಲ್ಲಿ ಹೇಳಿದೆ.

ಹಾಗಾಗಿ ಆಹಾರ ವಸ್ತುವಿನ ಪುಟದಲ್ಲಿ ಹಿಂಬದಿಯ ಚಿತ್ರ ಇಲ್ಲದಿದ್ದರೆ, ಅಥವಾ ಅಕ್ಷರ ಓದಲಾಗದಷ್ಟು ಸಣ್ಣದಿದ್ದರೆ, ಕೊಳ್ಳದಿರುವುದೇ ಲೇಸು. ಚಾತುರ್ಮಾಸ, ದಶಲಕ್ಷಣ ಪರ್ವದ ದಿನಗಳಲ್ಲಿ ಅತಿಥಿಗಳಿಗೂ ತ್ಯಾಗಿಗಳಿಗೂ ಅಡುಗೆ ಮಾಡುವ ಮನೆಗಳಲ್ಲಂತೂ ಅಪರಿಚಿತರ ಒಂದು ಸಾಲನ್ನು ನೆಚ್ಚಿ ಹೊಸ ಪೊಟ್ಟಣ ಒಡೆಯಬಾರದು.

ಕಾನೂನು ಎಲ್ಲಿಯವರೆಗೆ ಬಂದಿದೆ

2020ರ ಜುಲೈ 23ರಂದು ಜಾರಿಯಾದ ಗ್ರಾಹಕ ರಕ್ಷಣಾ ಇ-ವಾಣಿಜ್ಯ ನಿಯಮಗಳು ಸ್ಪಷ್ಟವಾಗಿವೆ: ಮಾರಾಟಗಾರರು ತಾವೇ ಗ್ರಾಹಕರೆಂಬಂತೆ ಸೋಗು ಹಾಕಿ ರಿವ್ಯೂ ಬರೆಯುವಂತಿಲ್ಲ. 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ 13 ಬಗೆಯ ದಾರಿತಪ್ಪಿಸುವ ತಂತ್ರಗಳನ್ನು ಪಟ್ಟಿಮಾಡಿದೆ. ಜಾಹೀರಾತನ್ನು ಬಳಕೆದಾರರ ಬರಹದಂತೆ ವೇಷ ಹಾಕಿಸುವುದು ಅವುಗಳಲ್ಲಿ ಒಂದು.

ರಿವ್ಯೂಗಳಿಗಾಗಿಯೇ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಐಎಸ್ 19000:2022 ಎಂಬ ಮಾನಕವನ್ನು ಹೊರತಂದಿತು. ಬರೆಯುವವರನ್ನು ಇಮೇಲ್, ಫೋನ್ ಕರೆ, ಎಸ್‌ಎಂಎಸ್ ಮೊದಲಾದ ವಿಧಾನಗಳಿಂದ ಗುರುತಿಸಬೇಕು, ಮಾರಾಟಗಾರರು ಹಣ ಕೊಟ್ಟು ಬರೆಸಿದ ರಿವ್ಯೂಗಳನ್ನು ಪ್ರಕಟಿಸಬಾರದು ಎನ್ನುವುದು ಅದರ ತಿರುಳು. ಆದರೆ ಅದನ್ನು ಜಾರಿಗೆ ತಂದದ್ದು ಕಂಪನಿಗಳ ಇಚ್ಛೆಗೆ ಬಿಟ್ಟ ಮಾನಕವಾಗಿ. ಅಷ್ಟು ಸಾಲದೆಂದು ಕಂಡ ಇಲಾಖೆ 2024ರ ಮೇ ತಿಂಗಳಲ್ಲಿ ಇ-ವಾಣಿಜ್ಯ ಕಂಪನಿಗಳ ಸಭೆ ಕರೆದು, ಅದನ್ನು ಕಡ್ಡಾಯಗೊಳಿಸುವ ಪ್ರಸ್ತಾವ ಮುಂದಿಟ್ಟಿತು.

ಹೊರದೇಶಗಳು ಇದೇ ದಾರಿಯಲ್ಲಿವೆ. ಅಮೆರಿಕದಲ್ಲಿ ಸುಳ್ಳು ರಿವ್ಯೂ ಬರೆಯುವುದು, ಮಾರುವುದು, ಕೊಳ್ಳುವುದನ್ನು ನಿಷೇಧಿಸುವ ನಿಯಮ 2024ರ ಅಕ್ಟೋಬರ್ 21ರಿಂದ ಜಾರಿಯಲ್ಲಿದೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಸುಳ್ಳು ರಿವ್ಯೂಗಳೂ ಅದರಲ್ಲಿ ಸೇರಿವೆ. ಬ್ರಿಟನ್‌ನಲ್ಲಿ ಇಂಥದೇ ನಿಷೇಧ 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಯಂತ್ರ ಬರೆಯುವ ಕಾಲದಲ್ಲಿ ಈ ಕೊನೆಯ ಅಂಶ ಮುಖ್ಯ. ಮೊದಲೆಲ್ಲ ತಪ್ಪು ಭಾಷೆ, ಒಂದೇ ಮಾತಿನ ಪುನರಾವರ್ತನೆ ಸುಳ್ಳಿನ ಸುಳಿವು ಕೊಡುತ್ತಿದ್ದವು. ಈಗ ಸುಳ್ಳೂ ಸೊಗಸಾದ ಕನ್ನಡದಲ್ಲಿ ಬರಬಲ್ಲದು.

ವ್ಯಾಪಾರಸ್ಥ ಕುಟುಂಬಗಳಿಗೆ ಒಂದು ಮಾತು

ಬೆಳಗಾವಿಯಿಂದ ಮೂಡುಬಿದಿರೆಯವರೆಗೆ ನಮ್ಮಲ್ಲಿ ಕೊಳ್ಳುವವರಷ್ಟೇ ಮಾರುವವರೂ ಇದ್ದಾರೆ. ಹೊಸ ಅಂಗಡಿ ಅಥವಾ ಹೋಟೆಲ್ ತೆರೆದಾಗ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲಿಂಕ್ ಹಾಕಿ ‘ಎಲ್ಲರೂ ಐದು ಸ್ಟಾರ್ ಕೊಡಿ’ ಎಂದು ಕೇಳುವುದು ಈಗ ಹಾರ ಹಾಕಿ ಶುಭಕೋರಿದಷ್ಟೇ ಸಹಜವಾಗಿದೆ. ಅಂಗಡಿಯ ಮೆಟ್ಟಿಲನ್ನೇ ಹತ್ತದ ಐವತ್ತು ಜನ ‘ಉತ್ತಮ ಸೇವೆ’ ಎಂದು ಬರೆಯುತ್ತಾರೆ. ಇದು ಪ್ರೀತಿಯಿಂದ ನಡೆಯುತ್ತದೆ, ಆದರೂ ಬರೆದದ್ದು ಸುಳ್ಳೇ. ತತ್ತ್ವಾರ್ಥಸೂತ್ರ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹವನ್ನು, ಸೇರಿಸಿದೆ. ಮೊಬೈಲ್‌ನಲ್ಲಿ ಬರೆದರೂ ಅದು ಬರಹವೇ.

ಲಾಭದ ದೃಷ್ಟಿಯಿಂದಲೂ ಇದು ನಷ್ಟದ ದಾರಿ. ಸುಳ್ಳು ಸ್ಟಾರ್ ನೋಡಿ ಬಂದ ಗ್ರಾಹಕರ ನಿರೀಕ್ಷೆ ಏರಿರುತ್ತದೆ, ನಿರಾಸೆಯೂ ಅಷ್ಟೇ ಜೋರಾಗಿರುತ್ತದೆ. ಮೇಲೆ ಹೇಳಿದ 1,500 ವಸ್ತುಗಳಿಗೆ ಆದದ್ದು ಅದೇ. ಪ್ರತಿಸ್ಪರ್ಧಿಗಳು ಒಂದು ಸ್ಟಾರ್ ಬರೆಸುವ ಅಪಾಯವೂ ನಿಜ. ಹೋಟೆಲ್‌ಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ತಂಗಿದ್ದಾರೋ ಇಲ್ಲವೋ ಎಂದು ನೋಡದೆ ಯಾರು ಬೇಕಾದರೂ ಬರೆಯಬಹುದಾದ ಜಾಲತಾಣದಲ್ಲಿ, ಹತ್ತಿರದಲ್ಲೇ ಪೈಪೋಟಿಯ ಹೋಟೆಲ್ ಇರುವವರಿಗೆ ಕೆಟ್ಟ ರಿವ್ಯೂ ಹೆಚ್ಚು ಬೀಳುವುದನ್ನು ತೋರಿಸಿತು. ಅಂಥ ರಿವ್ಯೂಗೆ ಜಗಳವಾಡದೆ, ಬಿಲ್ ಸಂಖ್ಯೆ ಕೇಳಿ ಶಾಂತವಾಗಿ ಉತ್ತರ ಬರೆದರೆ ಓದುವವರಿಗೆ ಸತ್ಯ ತಿಳಿಯುತ್ತದೆ. ಒಳ್ಳೆಯ ಗ್ರಾಹಕರನ್ನು ‘ನಿಮಗೆ ಅನಿಸಿದ್ದನ್ನು ಬರೆಯಿರಿ’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ‘ಐದು ಸ್ಟಾರ್ ಕೊಡಿ’ ಎಂದಾಗ ತಪ್ಪು ಶುರುವಾಗುತ್ತದೆ.

ಕೊಳ್ಳುವ ಮುನ್ನ ಹೀಗೆ ಮಾಡಬಹುದು

ಮೊದಲು ಸ್ಟಾರ್ ಬಿಟ್ಟು ಗುರುತು ನೋಡಿ. ಕುಕ್ಕರ್, ಸ್ವಿಚ್, ಹೆಲ್ಮೆಟ್‌ಗಳಿಗೆ ಐಎಸ್‌ಐ ಗುರುತು ಮತ್ತು ಅದರ ಪರವಾನಗಿ ಸಂಖ್ಯೆ. ಚಿನ್ನಾಭರಣಕ್ಕೆ ಹಾಲ್‌ಮಾರ್ಕ್ ಜೊತೆಗಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ಇವೆರಡನ್ನೂ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ಪರಿಶೀಲಿಸಬಹುದು. ಆಹಾರಕ್ಕೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಮತ್ತು ಪದಾರ್ಥಗಳ ಪಟ್ಟಿ ಇರಬೇಕು.

ಆಮೇಲೆ ರಿವ್ಯೂ ಓದಿ. ಎರಡು, ಮೂರು, ನಾಲ್ಕು ಸ್ಟಾರ್‌ನವನ್ನು ಮೊದಲು ನೋಡಿ; ದುಡ್ಡು ಪಡೆದವರು ಸಾಮಾನ್ಯವಾಗಿ ಅಲ್ಲಿ ಬರೆಯುವುದಿಲ್ಲ. ‘ಇತ್ತೀಚಿನವು ಮೊದಲು’ ಎಂದು ಬದಲಿಸಿಕೊಳ್ಳಿ. ಕೆಲವೇ ದಿನಗಳಲ್ಲಿ ರಾಶಿ ಐದು ಸ್ಟಾರ್ ಬಂದು, ನಂತರ ಒಂದು ಸ್ಟಾರ್‌ಗಳೇ ಹೆಚ್ಚಾಗಿದ್ದರೆ ಬಿಟ್ಟುಬಿಡಿ. ರಿವ್ಯೂ ಈ ವಸ್ತುವಿನದೇ ಎಂದು ಖಚಿತಪಡಿಸಿಕೊಳ್ಳಿ: ಟವೆಲ್ ಪುಟದಲ್ಲಿ ಇಯರ್‌ಫೋನ್ ಬಗ್ಗೆ ಹೊಗಳಿಕೆ ಇದ್ದರೆ ಅದು ಹಳೆಯ ಪುಟಕ್ಕೆ ಹೊಸ ವಸ್ತು ಅಂಟಿಸಿದ್ದು. ಆರು ತಿಂಗಳ ನಂತರ ಬರೆದ ಒಂದು ರಿವ್ಯೂ ಮೊದಲ ದಿನ ಬರೆದ ಐವತ್ತಕ್ಕಿಂತ ಹೆಚ್ಚು ಉಪಯೋಗಿ. ಮಾರುತ್ತಿರುವವರು ಯಾರು, ಸರ್ವಿಸ್ ಸೆಂಟರ್ ನಮ್ಮ ಊರಿನ ಹತ್ತಿರ ಇದೆಯೇ ಎಂಬುದನ್ನೂ ನೋಡಿ. ಔಷಧ, ತೂಕ ಇಳಿಸುವ ಮಾತ್ರೆ, ಮಗುವಿನ ಆಹಾರಗಳಲ್ಲಿ ರಿವ್ಯೂ ಆಧಾರವೇ ಬೇಡ, ವೈದ್ಯರನ್ನು ಕೇಳಿ.

ಮೋಸವಾದರೆ ಸುಮ್ಮನಿರಬೇಡಿ. ಬಿಲ್, ಪುಟದ ಸ್ಕ್ರೀನ್‌ಶಾಟ್, ಪೆಟ್ಟಿಗೆ ಒಡೆಯುವಾಗಿನ ವಿಡಿಯೊ ಇಟ್ಟುಕೊಳ್ಳಿ. ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು ನಿಯಮವಿದೆ. ಆಗದಿದ್ದರೆ 1915ಕ್ಕೆ ಕರೆಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕನ್ನಡವೂ ಸೇರಿ 17 ಭಾಷೆಗಳಲ್ಲಿ ದೂರು ಪಡೆಯುತ್ತದೆ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ.

ಇದರ ಜೊತೆಗೆ ಪ್ರತಿಯೊಂದು ಕುಟುಂಬ ಮಾಡಬಹುದಾದ ಇನ್ನೊಂದು ಕೆಲಸವಿದೆ. ನೀವು ಕೊಂಡ ವಸ್ತುವನ್ನು ಕೆಲವು ತಿಂಗಳು ಬಳಸಿದ ಮೇಲೆ, ಯಾರ ಒತ್ತಾಯವೂ ಇಲ್ಲದೆ, ಕಂಡದ್ದನ್ನು ಕಂಡಂತೆ ನಾಲ್ಕು ಸಾಲು ಬರೆಯಿರಿ. ಮಸಾಲೆ ಪೊಟ್ಟಣವಾಗಿದ್ದರೆ ರುಚಿಯ ಜೊತೆಗೆ ಹಿಂಬದಿಯ ಪದಾರ್ಥಗಳ ಪಟ್ಟಿಯ ಸ್ಪಷ್ಟ ಫೋಟೊ ಹಾಕಿ. ನಿಮ್ಮ ನಂತರ ಆ ಪುಟ ತೆರೆಯುವ ಇನ್ನೊಂದು ಜೈನ ಮನೆಯವರಿಗೆ ಸ್ಟಾರ್‌ಗಿಂತ ಆ ಫೋಟೊ ಹೆಚ್ಚು ನೆರವಾಗುತ್ತದೆ.